ನೈಟಿಯಲ್ಲಿ ಫೋಟೋವಾ?

ಬೇಕಲ ಕೋಟೆಯ ಫೋಟೋಗಳನ್ನು ಸರ್ ಒಂದೊಂದಾಗಿ ನೋಡಿದರು. ಒಟ್ಟು 64 ಇದ್ದವು. ಸೂರ್ಯಾಸ್ತ, ಬುರುಜು, ಗೋಡೆಯ ಕಿಂಡಿಯಲ್ಲಿ ಕಾಣುವ ಕಡಲು, ಕಡಲಿಗೆ ಮುಖ ಮಾಡಿ ನಿಂತ ನನ್ನ ಗೆಳತಿಯ ಬೆನ್ನು. ನೋಡಿ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದರು. "ಚಂದ ಉಂಟು. ಆದರೆ ಬೇಕಲಕ್ಕೆ ಹೋದ ಎಲ್ಲರ ಮೊಬೈಲಿನಲ್ಲೂ ಇದೇ ಉಂಟು. ನೀನು ಮನೆಗೆ ಹೋಗು" ಅಂದರು.

ನನ್ನನ್ನು ಕಾಲೇಜಿನಿಂದಲೇ ಹೊರಗೆ ಹಾಕಿದರು ಅಂದುಕೊಂಡೆ. ಅಲ್ಲ, ಅದು ಮುಂದಿನ ಅಸೈನ್‌ಮೆಂಟ್. 'ನಿಮ್ಮ ಮನೆ, ಇದ್ದ ಹಾಗೆ.' ಮೂರು ಫೋಟೋ ಬೇಕು. ಜೋರಾಗಿ ಓಡುವ ಏನನ್ನಾದರೂ ಹಿಡಿದು ನಿಲ್ಲಿಸಿದ್ದು ಒಂದು, ಕತ್ತಲೆಯಲ್ಲಿ ಟಾರ್ಚಿನಿಂದ ಬರೆದದ್ದು ಒಂದು, ಮೂರನೆಯದು ನಮ್ಮ ಇಷ್ಟ. ಕಂಪ್ಯೂಟರಿನಲ್ಲಿ ತಿದ್ದುವ ಹಾಗಿಲ್ಲ. ಯಾರೂ ಪೋಸ್ ಕೊಡುವ ಹಾಗಿಲ್ಲ.

ಈ ಕೊನೆಯ ಷರತ್ತು ಹಾಕುವಾಗ ಸರ್ ನಮ್ಮ ಅಮ್ಮನನ್ನು ನೋಡಿರಲಿಲ್ಲ.

ನಮ್ಮದು ಬದಿಯಡ್ಕದ ಹತ್ತಿರ ಹಳೇ ಹಂಚಿನ ಮನೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡು. ಅಡಿಕೆಗೆ ಒಳ್ಳೆ ರೇಟ್ ಬಂದ ವರ್ಷ ಅಪ್ಪ ತೆಗೆಸಿಕೊಟ್ಟದ್ದು. ಅದನ್ನು ಬ್ಯಾಗಿನಿಂದ ಹೊರಗೆ ತೆಗೆದರೆ ಸಾಕು, ಮನೆಯಲ್ಲಿ ಹೆಣ್ಣು ನೋಡಲು ಬರುವವರಿಗೆ ಮಾಡುವ ತಯಾರಿಯೆಲ್ಲ ಶುರುವಾಗುತ್ತದೆ. ಜಗಲಿಯ ಹಿಡಿಸೂಡಿ ಮಾಯ. ಹಗ್ಗದ ಮೇಲಿನ ಬಟ್ಟೆ ಮಾಯ. ಬಾವಿಕಟ್ಟೆಯ ಹತ್ತಿರ ಬಾಯಿ ಒಡೆದ ಹಸಿರು ಬಕೆಟ್ ಒಂದಿತ್ತು, ಬೆಳಗ್ಗಿನ ಬೆಳಕಿಗೆ ಅದು ಎಷ್ಟು ಚಂದ ಕಾಣುತ್ತಿತ್ತು ಅಂದರೆ, ನಾನು ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಅದೂ ಮಾಯ. ಅಮ್ಮನೂ ಮಾಯ. ಹತ್ತು ನಿಮಿಷ ಬಿಟ್ಟು ನೀಲಿ ಸೀರೆ ಉಟ್ಟು, ಮುಖಕ್ಕೆ ಪೌಡರ್ ಹಾಕಿ ಬಂದಳು.

"ಅಮ್ಮ, ದಿನಾ ಇರುವ ಹಾಗೇ ಇರು."

"ನೈಟಿಯಲ್ಲಿ ಫೋಟೋವಾ? ಹೆಗಲಿಗೆ ಬೈರಾಸು ಹಾಕಿಕೊಂಡಾ? ನಿನ್ನ ಸರ್‌ ಎಂತ ಅಂದುಕೊಳ್ಳುವುದಿಲ್ಲ?"

ಓಡುವುದನ್ನು ನಿಲ್ಲಿಸಲಿಕ್ಕೆ ನಾನು ಆರಿಸಿದ್ದು ಒಗ್ಗರಣೆಯನ್ನು. ಸಾಸಿವೆ ಸಿಡಿದು ಎಣ್ಣೆಯಿಂದ ಮೇಲೆ ಹಾರುವ ಆ ಕ್ಷಣ. ಸೆಕೆಂಡಿನ 1000ದಲ್ಲಿ ಒಂದು ಪಾಲು ಮಾತ್ರ ಶಟರ್ ತೆರೆದರೆ ಹಾರಿದ ಸಾಸಿವೆ ಗಾಳಿಯಲ್ಲೇ ನಿಲ್ಲುತ್ತದೆ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಒಳಗೆ ಬರಲಿಕ್ಕೆ ಮೊದಲು ಬೆಳಕು ಇರಬೇಕಲ್ಲ. ನಮ್ಮ ಅಡಿಗೆಮನೆಗೆ ಬೆಳಕು ಬರುವುದು ಒಂದೇ ಒಂದು ಗಾಜಿನ ಹಂಚಿನಿಂದ. ಅದರ ಮೇಲೆ ಹಲಸಿನ ಎಲೆ ಬಿದ್ದಿದ್ದರೆ ಅದೂ ಇಲ್ಲ. ಮಂದ ಬೆಳಕನ್ನೂ ಕ್ಯಾಮೆರಾ ಹಿಡಿಯುವ ಹಾಗೆ ಐಎಸ್‌ಒ 6400ಕ್ಕೆ ಏರಿಸಿದೆ. ಫೋಟೋದ ತುಂಬ ಬನ್ಸಿ ರವೆ ಚೆಲ್ಲಿದ ಹಾಗೆ ಚುಕ್ಕಿ ಬಂತು. ಇರಲಿ ಅಂತ ಮುಂದುವರಿಸಿದೆ.

ಮೊದಲ ಒಗ್ಗರಣೆ ಸಾರಿಗೆ. ಸೌಟಿನಲ್ಲಿ ತೆಂಗಿನೆಣ್ಣೆ ಕಾಯಿತು. ಸಾಸಿವೆ ಬಿತ್ತು. ಇನ್ನೇನು ಸಿಡಿಯಬೇಕು, ಅಮ್ಮ ಸೌಟನ್ನು ಹಾಗೇ ಹಿಡಿದು ಕ್ಯಾಮೆರಾದ ಕಡೆ ತಿರುಗಿ ನಕ್ಕಳು. ಮದುವೆ ಮನೆಯಲ್ಲಿ ವಧೂವರರ ಪಕ್ಕ ನಿಂತವರು ನಗುತ್ತಾರಲ್ಲ, ಆ ನಗು. ಸಾಸಿವೆ ಸಿಡಿದು, ಕರಟಿ, ಹೊಗೆ ಬಂದರೂ ನಗು ಇಳಿಯಲಿಲ್ಲ. "ಬಂತಾ?" ಅಂತ ಹಲ್ಲಿನ ಸಂದಿಯಲ್ಲೇ ಕೇಳಿದಳು. ಅಮ್ಮ ಬಂದಿದ್ದಳು, ಸಾಸಿವೆ ಬಂದಿರಲಿಲ್ಲ.

ಎರಡನೆಯದು ತಂಬುಳಿಗೆ. ಅದರಲ್ಲಿ ಗ್ಯಾಸ್ ಸಿಲಿಂಡರ್ ಮಾತ್ರ ಸ್ಪಷ್ಟ. ಮೂರನೆಯದಕ್ಕೆ ನಾನು ಹತ್ತಿರ ಹೋದೆ. ಜಾಸ್ತಿ ಹತ್ತಿರ ಹೋದೆ. ಕರಿಬೇವಿನ ಸೊಪ್ಪಿನಲ್ಲಿ ನೀರು ಇತ್ತು ಅಂತ ಕಾಣುತ್ತದೆ, ಅದು ಎಣ್ಣೆಗೆ ಬಿದ್ದದ್ದೇ ತಡ ಚರ್ರ್ ಅಂತ ಲೆನ್ಸಿಗೇ ಒಗ್ಗರಣೆ ಬಿತ್ತು. ಅಮ್ಮ ಸೆರಗಿನಿಂದ ಒರೆಸಲು ಬಂದಳು. ಲೆನ್ಸನ್ನು ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ ಅಂತ ನಾನು ಕಿರುಚಿದೆ. ಆ ಹೊತ್ತಿಗೆ ಸಾರು ಉಕ್ಕಿತು.

ಒಟ್ಟು 11 ಒಗ್ಗರಣೆ ಆಯಿತು. ಗೊಜ್ಜಿಗೆ ಎರಡು ಸಲ, ಮಜ್ಜಿಗೆಗೆ ಎರಡು ಸಲ. ಕೊನೆಕೊನೆಗೆ ಒಗ್ಗರಣೆ ಹಾಕಲಿಕ್ಕೆ ಪದಾರ್ಥವೇ ಉಳಿಯದೆ ಸುಮ್ನೆ ನೀರಿಗೆ ಹಾಕಿದೆವು. ಮಧ್ಯಾಹ್ನ ಊಟಕ್ಕೆ ಕೂತ ಅಜ್ಜ ಬಾಳೆಲೆ ನೋಡಿ, "ಇವತ್ತು ಯಾರ ತಿಥಿ?" ಅಂತ ಕೇಳಿದರು. 11ನೇ ಫೋಟೋದಲ್ಲಿ ನಾಲ್ಕು ಸಾಸಿವೆ ಗಾಳಿಯಲ್ಲಿ ನಿಂತಿವೆ. ಸಾಸಿವೆ ಅಂತ ನಾನು ಹೇಳಬೇಕು, ಅಷ್ಟೆ. ನೋಡಿದವರು ಲೆನ್ಸಿನ ಧೂಳು ಅನ್ನುತ್ತಾರೆ.

ಟಾರ್ಚಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಕ್ಯಾಮೆರಾವನ್ನು ಸ್ಟೂಲಿನ ಮೇಲೆ ಇಟ್ಟು, 30 ಸೆಕೆಂಡ್ ಶಟರ್ ತೆರೆದೆ. ತಮ್ಮ ತೋಟದ ಬದಿಯಲ್ಲಿ ನಿಂತು ಟಾರ್ಚಿನಿಂದ ಗಾಳಿಯಲ್ಲಿ 'ಮನೆ' ಅಂತ ಬರೆಯಬೇಕು. ಬರೆದ. ಕ್ಯಾಮೆರಾ ಅವನ ಎದುರಿಗೆ ಇತ್ತಲ್ಲ, ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬಂತು. ಕಂಪ್ಯೂಟರಿನಲ್ಲಿ ತಿರುಗಿಸುವ ಹಾಗಿಲ್ಲ. ಹಾಗಾಗಿ ಅವನಿಗೆ ಉಲ್ಟಾ ಬರೆಯುವುದನ್ನು ಕಲಿಸುತ್ತಾ ಟಾರ್ಚ್ ಬೀಸಿಸುತ್ತಾ ಇದ್ದೆ. ಆಗ ಗುಡ್ಡದ ಆಚೆಯಿಂದ ಎರಡು ಟಾರ್ಚು, ಒಂದು ನಾಯಿ, ಒಂದು ದೊಣ್ಣೆ ಓಡಿ ಬಂದವು. "ಪಂಜಿ ಬತ್ತ್ಂಡಾ?" ಅಂತ ನೆರೆಮನೆಯವರು ಏದುಸಿರು ಬಿಡುತ್ತಾ ಕೇಳಿದರು. ನಮ್ಮ ಕಡೆ ರಾತ್ರಿ ತೋಟದಲ್ಲಿ ಟಾರ್ಚ್ ಬೀಸಿದರೆ ಕಾಡುಹಂದಿ ಬಂತು ಅಂತಲೇ ಅರ್ಥ. ಹಂದಿ ಅಲ್ಲ, ಕಲೆ ಅಂತ ಹೇಳಲಿಕ್ಕೆ ನನಗೆ ತುಳುವಿನಲ್ಲಿ ಧೈರ್ಯ ಬರಲಿಲ್ಲ. "ಹಾಂ, ಈಗಷ್ಟೇ ಓಡಿತು" ಅಂದೆ. ಪಾಪ, ಅವರು ಒಂದು ಗಂಟೆ ಹುಡುಕಿದರು. ಅವರ ಟಾರ್ಚಿನ ಗೆರೆಗಳು ಫೋಟೋದಲ್ಲಿ ತಮ್ಮನ ಅಕ್ಷರಕ್ಕಿಂತ ಚಂದ ಬಂದಿವೆ. ಅದನ್ನೇ ಕೊಟ್ಟೆ.

ಇನ್ನು ಉಳಿದದ್ದು ನನ್ನ ಇಷ್ಟದ್ದು. ಯಾರೂ ಪೋಸ್ ಕೊಡಬಾರದು ಅಂದರೆ ಕ್ಯಾಮೆರಾ ಇದೆ ಅಂತಲೇ ಗೊತ್ತಾಗಬಾರದು. ಆಗ ಹೊಳೆದದ್ದು ಅಟ್ಟ. ಅಡಿಕೆ ಗೋಣಿ ಇಡುವ ಅಟ್ಟಕ್ಕೆ ಅಂಗಳದ ಕಡೆ ಒಂದೇ ಕಿಟಕಿ. ಮಳೆಗಾಲದ ಟರ್ಪಾಲಿನಿಂದ ಅದನ್ನು ಮುಚ್ಚಿ, ಸಂದುಗೊಂದಿಗೆಲ್ಲ ಗೋಣಿ ತುರುಕಿ, ಟರ್ಪಾಲಿನ ನಡುವೆ ಒಂದು ಸೆಂಟಿಮೀಟರಿನ ತೂತು ಮಾಡಿದೆ. ಎದುರು ಗೋಡೆಗೆ ಅಜ್ಜನ ಬಿಳಿ ಪಂಚೆ ಕಟ್ಟಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಪಂಚೆಯ ಮೇಲೆ ನಮ್ಮ ಅಂಗಳ ಮೂಡಿತು. ಬಣ್ಣ ಸಮೇತ, ತಲೆಕೆಳಗಾಗಿ. ಬೆಳಕು ನೇರ ಹೋಗುತ್ತದೆ, ಮೇಲಿನಿಂದ ಬಂದದ್ದು ತೂತು ದಾಟಿ ಕೆಳಗೆ ಬೀಳುತ್ತದೆ, ಕೆಳಗಿನದ್ದು ಮೇಲೆ. ಅಷ್ಟೇ ಗುಟ್ಟು. ಕ್ಲಾಸಿನಲ್ಲಿ ಕಲಿತದ್ದೇ. ಆದರೂ ಮೈ ಜುಮ್ ಅಂದಿತು. ಒಣಹಾಕಿದ ಅಡಿಕೆಯೆಲ್ಲ ಮಾಡಿಗೆ ಅಂಟಿತ್ತು. ಕಂಗಿನ ಮರಗಳು ತಲೆ ಕೆಳಗೆ ಮಾಡಿ ತೂಗುತ್ತಿದ್ದವು. ಅಮ್ಮ ನೈಟಿಯಲ್ಲಿ, ಹೆಗಲಿನ ಬೈರಾಸು ಸಮೇತ, ಮೇಲುಗಡೆ ಓಡಾಡುತ್ತಿದ್ದಳು. ಅಡಿಕೆ ಮಗುಚಿದಳು. ಕೋಳಿ ಓಡಿಸಿದಳು. ಮೂಗು ತುರಿಸಿಕೊಂಡಳು. ಹಸಿರು ಬಕೆಟ್ ಕೂಡ ವಾಪಸ್ ಬಂದಿತ್ತು!

ಉಸಿರು ಬಿಗಿಹಿಡಿದು ಶಟರ್ ಒತ್ತಿದೆ. ಅಷ್ಟು ಮಂದ ಬೆಳಕಿಗೆ ಪುನಃ 30 ಸೆಕೆಂಡ್ ಬೇಕು.

ಫೋಟೋದಲ್ಲಿ ಅಡಿಕೆ ಬಂತು. ಬಕೆಟ್ ಬಂತು. ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿ ಮೊಣಗಂಟಿಗೆ ಬಿಸಿಲು ಕಾಯಿಸುತ್ತಾ ನಿದ್ದೆ ಹೋದ ಅಜ್ಜ ಶಿಲ್ಪದ ಹಾಗೆ ಬಂದರು. ಅಮ್ಮ ಇಲ್ಲ. ಒಂದು ಹೊಗೆಯ ಗೆರೆ ಕೂಡ ಇಲ್ಲ.

ಕ್ಯಾಮೆರಾವನ್ನು ತಲೆಕೆಳಗೆ ಹಿಡಿದು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದಳು. "ಅಜ್ಜ ಕಾಣ್ತಾರೆ. ನಾನೆಲ್ಲಿ?"

ನಾನು ಪ್ಯಾರಿಸ್ಸಿನ ಕತೆ ಹೇಳಿದೆ. 1838ರಲ್ಲಿ ಡಗೇರ್ ಎಂಬಾತ ಅಲ್ಲಿನ ಒಂದು ದೊಡ್ಡ ಬೀದಿಯ ಫೋಟೋ ತೆಗೆದ. ಕೆಲವು ನಿಮಿಷ ಕ್ಯಾಮೆರಾ ತೆರೆದೇ ಇಡಬೇಕಾಗಿತ್ತು. ಬೀದಿ ತುಂಬ ಜನ, ಗಾಡಿ. ಚಲಿಸುತ್ತಿದ್ದವರು ಯಾರೂ ಫೋಟೋದಲ್ಲಿ ಮೂಡಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದವನು ಬಂದ.

ಅಮ್ಮ ಇದನ್ನು ಕೇಳಿ ಸ್ವಲ್ಪ ಹೊತ್ತು ಅಜ್ಜನನ್ನು ನೋಡಿದಳು. "ಬೆಳಿಗ್ಗೆ ಐದಕ್ಕೆ ಎದ್ದದ್ದು ನಾನು" ಅಂದಳು.

"ಫೋಟೋ ತೆಗೆಯುವಾಗ ಅಲ್ಲಾಡಬಾರದು ಅಂತ ನಮ್ಮ ಕಾಲದಲ್ಲೇ ಹೇಳ್ತಿದ್ದರು" ಅಂದರು ಅಜ್ಜ, ಕಣ್ಣು ತೆರೆಯದೆ.

ಹತ್ತು ನಿಮಿಷದಲ್ಲಿ ಅಮ್ಮ ಅಂಗಳದ ನಡುವೆ ನಿಂತಿದ್ದಳು. ನೀಲಿ ಸೀರೆ, ಪೌಡರ್. "ಅರ್ಧ ನಿಮಿಷ ತಾನೇ? ತೆಗಿ ಮಾರಾಯ್ತಿ. ನಾನು ಅಲ್ಲಾಡುವುದಿಲ್ಲ." ಷರತ್ತು ಮುರಿಯುತ್ತದೆ ಅಂತ ಹೇಳುವ ಹಾಗಿರಲಿಲ್ಲ. ಅಟ್ಟಕ್ಕೆ ಓಡಿ ಶಟರ್ ಒತ್ತಿದೆ. ಪಂಚೆಯ ಮೇಲೆ ಅಮ್ಮ ತಲೆಕೆಳಗಾಗಿ ನಿಂತೇ ಇದ್ದಳು. ಹದಿನೈದು ಸೆಕೆಂಡ್ ಆಯಿತು, ಹದಿನೆಂಟು ಆಯಿತು. ಅಡಿಗೆಮನೆಯಿಂದ ಹಾಲು ಉಕ್ಕಿ ಸೀದ ವಾಸನೆ ಅಟ್ಟಕ್ಕೂ ಬಂತು. ಮಾಡಿನ ಮೇಲಿದ್ದ ನೀಲಿ ಸೀರೆ ಸರ್ರನೆ ಪಂಚೆಯ ಅಂಚು ದಾಟಿ ಹೋಯಿತು.

ಈ ಸಲ ಅಮ್ಮ ಬಂದಿದ್ದಾಳೆ, ಅರ್ಧಂಬರ್ಧ. ಸೀರೆಯ ಒಳಗಿಂದ ಹಿಂದಿನ ಅಡಿಕೆ ಕಾಣುತ್ತದೆ. ಕಣ್ಣು ಮೂಗು ಏನೂ ಗೊತ್ತಾಗುವುದಿಲ್ಲ. ಬೈಯುತ್ತಾಳೆ ಅಂತ ಹೆದರುತ್ತಲೇ ತೋರಿಸಿದೆ. ಹಾಲಿನ ಪಾತ್ರೆ ತಿಕ್ಕುತ್ತಿದ್ದವಳು ಕೈ ಒರೆಸಿಕೊಂಡು ನೋಡಿದಳು.

"ಇದನ್ನು ಕೊಡು ಸರ್‌ಗೆ" ಅಂದಳು. "ಸೀರೆಯ ಬಣ್ಣ ಸರಿ ಬಂದಿದೆ."