‘ಖಾಯಂ ಮಾಡಿ’ ಅನ್ನದ ನೌಕರರು

ಕೆರೆಗೆ ಮಣ್ಣಿನ ಉಂಡೆ ಎಸೆಯುತ್ತಿರುವ ಫೋಟೋ ನೀವೂ ನೋಡಿರ್ತೀರಿ. ಮೈಸೂರಿನ ಯಾವ ವಾಟ್ಸಾಪ್ ಗುಂಪನ್ನೂ ಅದು ಬಿಟ್ಟಿಲ್ಲ. ಬಿಳಿ ಪಂಚೆ, ತಲೆಗೆ ಪೇಟ, ಪಕ್ಕದಲ್ಲಿ ತಟ್ಟೆ ಹಿಡಿದ ಹೆಣ್ಣುಮಕ್ಕಳು, ತಟ್ಟೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ಉಂಡೆಗಳು. ಒಂದೊಂದು ಉಂಡೆಯಲ್ಲೂ ಕೋಟಿ ಕೋಟಿ ಬ್ಯಾಕ್ಟೀರಿಯಾ ಇವೆಯಂತೆ. ಕೆರೆಯ ಕೊಳೆಯನ್ನೆಲ್ಲ ತಿಂದು ಮುಗಿಸುತ್ತವಂತೆ. ‘ಸಮುದ್ರದ ಎಣ್ಣೆಯನ್ನೇ ತಿಂದ ತಂತ್ರಜ್ಞಾನ ಈಗ ನಮ್ಮ ಬಡಾವಣೆಗೆ’ ಅಂತ ಹಿಂದೆ ಫ್ಲೆಕ್ಸು. ಫೋಟೋದ ಎಡಮೂಲೆಯಲ್ಲಿ ಒಂದು ಸಿಮೆಂಟ್ ಪೈಪು. ಅದರಿಂದ ಕಪ್ಪು ನೀರು ದಬದಬ ಸುರೀತಾ ಇದೆ. ಫೋಟೋ ತೆಗೆದವನು ಆ ಮೂಲೆಯನ್ನು ಕತ್ತರಿಸಲು ಮರೆತಿದ್ದಾನೆ. ಅವನ ಹೊಟ್ಟೆ ತಣ್ಣಗಿರಲಿ.

ಸಮುದ್ರವೇ ಇಲ್ಲದ ಮೈಸೂರಿಗೆ ಸಮುದ್ರದ ವಿದ್ಯೆ ಯಾಕೆ ಅಂತ ಕೇಳಬೇಡಿ. ನಮಗೂ ಸಮುದ್ರಕ್ಕೂ ಸಂಬಂಧ ಇದೆ. ಕಾವೇರಿ ಹೋಗಿ ಸೇರುವುದು ಪೂಂಪುಹಾರ್ ಕಡಲನ್ನೇ ಅಲ್ವಾ. ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಿಳಿಗುಂಡ್ಲುವಿನಲ್ಲಿ ಅದನ್ನು ಅಳೆದು ನೋಡುತ್ತಾರೆ. ಸ್ವಲ್ಪ ಜಾಸ್ತಿ ಬಿಟ್ಟರೆ ಸಾಕು, ಮಂಡ್ಯದ ಸಂಜಯ ವೃತ್ತದಲ್ಲಿ ರಸ್ತೆ ತಡೆ. ಮಾಡಲೇಬೇಕು, ಬೆಳೆ ಒಣಗುವುದು ಅವರದು. ಆದರೆ ನೀರಿನ ಜೊತೆ ನಾವು ಕಳಿಸುವ ಕೊಳಚೆ ಇದೆಯಲ್ಲ, ಅದನ್ನು ಯಾವ ನ್ಯಾಯಮಂಡಳಿಯೂ ಕೇಳಿಲ್ಲ. ನಾವೇ ಉದಾರ ಮನಸ್ಸಿನಿಂದ ಕೊಡುತ್ತಿದ್ದೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ಕಲುಷಿತ ನದಿಗಳಲ್ಲಿ ಕಾವೇರಿ, ಕಬಿನಿ, ಶಿಂಷಾ ಮೂರೂ ಇದ್ದವು. ಅದಕ್ಕೆ ಯಾರೂ ಬಂದ್ ಕರೆ ಕೊಟ್ಟಿದ್ದು ನನಗಂತೂ ನೆನಪಿಲ್ಲ.

ಬ್ಯಾಕ್ಟೀರಿಯಾದ ಮೇಲೆ ನನಗೆ ಕೋಪ ಇಲ್ಲ. ಅವು ನಿಜವಾಗಿ ಕೆಲಸ ಮಾಡುತ್ತವೆ. ಫ್ಲೆಕ್ಸಿನಲ್ಲಿ ಹೇಳಿರುವ ಸಮುದ್ರದ ಕಥೆಯನ್ನೇ ತಗೊಳ್ಳಿ. 1989ರ ಮಾರ್ಚಿನಲ್ಲಿ ಎಕ್ಸಾನ್ ವಾಲ್ಡೀಜ್ ಅನ್ನೋ ಹಡಗು ಅಲಾಸ್ಕಾದ ಹತ್ತಿರ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. ಹಡಗಿನಲ್ಲಿ ಉಳಿದಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಅದನ್ನು ಬೇರೆ ಹಡಗುಗಳಿಗೆ ಖಾಲಿ ಮಾಡಿಕೊಂಡರು. ಅಂದರೆ ಮೊದಲು ಸೋರುವುದನ್ನು ನಿಲ್ಲಿಸಿದರು. ಬ್ಯಾಕ್ಟೀರಿಯಾದ ಸರದಿ ಬಂದಿದ್ದು ಆಮೇಲೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಆ ದಡದಲ್ಲೇ ಇದ್ದವು. ತಿನ್ನಲು ಎಣ್ಣೆ ಬೇಕಾದಷ್ಟು ಇತ್ತು, ಬೆಳೆಯಲು ಬೇಕಾದ ಸಾರಜನಕ, ರಂಜಕ ಸಾಲುತ್ತಿರಲಿಲ್ಲ. ಹಾಗಾಗಿ ದಡಕ್ಕೆ ಗೊಬ್ಬರ ಹಾಕಿದರು. ಎಣ್ಣೆ ಬೇಗ ಕರಗಿತು. ಡಬ್ಬಿಯಲ್ಲಿ ಬಂದ ಬ್ಯಾಕ್ಟೀರಿಯಾವನ್ನೂ ಹಾಕಿ ನೋಡಿದರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕಲ್ಲಿನ ಕೆಳಗೆ, ಗಾಳಿಯಾಡದ ಜಾಗದಲ್ಲಿ ಇಳಿದ ಎಣ್ಣೆ ಮಾತ್ರ ದಶಕಗಳಾದರೂ ಹಾಗೇ ಉಳಿದಿತ್ತು.

ಈಗ ನಮ್ಮ ಕೆರೆಗೆ ಬನ್ನಿ. ಇಲ್ಲಿ ಸಾರಜನಕ, ರಂಜಕಕ್ಕೆ ಬರ ಇಲ್ಲ. ಮನೆಮನೆಯ ಕಕ್ಕಸು, ಬಟ್ಟೆ ಸೋಪು ಎರಡನ್ನೂ ದಿನಾ ತಪ್ಪದೆ ಪೂರೈಸುತ್ತಿವೆ. ಅದಕ್ಕೇ ತಾನೇ ಅಂತರಗಂಗೆ ದಡದಿಂದ ದಡಕ್ಕೆ ಹಬ್ಬಿರೋದು. ಬ್ಯಾಕ್ಟೀರಿಯಾಕ್ಕೂ ಬರ ಇಲ್ಲ. ಕೊಳಚೆಯ ಒಂದು ತೊಟ್ಟಿನಲ್ಲೇ ಲಕ್ಷಗಟ್ಟಲೆ ಇರುತ್ತವೆ. ಇಲ್ಲದಿರೋದು ಗಾಳಿ. ನೀರಿನಲ್ಲಿದ್ದ ಆಮ್ಲಜನಕವನ್ನು ಇರುವ ಬ್ಯಾಕ್ಟೀರಿಯಾಗಳೇ ಹೀರಿ ಮುಗಿಸಿ, ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ. ಅಂಥ ಕಡೆಗೆ ನಾವು ಇನ್ನಷ್ಟು ಬ್ಯಾಕ್ಟೀರಿಯಾ ಕಳಿಸುತ್ತಿದ್ದೇವೆ. ಜೊತೆಗೆ ದಾರಿ ಬುತ್ತಿಗೆ ಉಂಡೆಯೊಳಗೇ ತೌಡು, ಬೆಲ್ಲ. ಬೆಲ್ಲವೂ ನೀರಿಗೆ ಬಿದ್ದ ಮೇಲೆ ಕೊಳೆಯುವ ಪದಾರ್ಥವೇ. ಅದನ್ನು ಜೀರ್ಣಿಸಲೂ ಆಮ್ಲಜನಕವೇ ಬೇಕು.

ಬೆಲ್ಲದ ಮಾತು ಕೇಳಿ ಪಾಂಡವಪುರದ ಕಡೆಯ ನಮ್ಮ ನೆಂಟರೊಬ್ಬರು ಫೋನ್ ಮಾಡಿದ್ದರು. “ಅಲ್ಲ ಕಣ್ ಭಾವ, ಕೆರೆಗೆ ಬೆಲ್ಲ ಎಸೀತಾವ್ರಂತಲ್ಲ. ನಮ್ ಆಲೆಮನೇಲಿ ಕೇಳುದ್ರೆ ಕೊಡಾಕಿಲ್ವಾ? ಮನುಷ್ರು ತಿನ್ನೋ ಬೆಲ್ಲಕ್ಕೇ ರೇಟಿಲ್ಲ, ಹುಳ ತಿನ್ನೋದಕ್ಕಾರೂ ಸಿಕ್ಕೀತೇನೋ.” ನನಗೂ ಸರಿ ಅನ್ನಿಸಿತು. ಟೆಂಡರಿನಲ್ಲಿ ‘ಮಂಡ್ಯದ ಅಚ್ಚು ಬೆಲ್ಲವೇ ಆಗತಕ್ಕದ್ದು’ ಅಂತ ಒಂದು ಸಾಲು ಸೇರಿಸಿದರೆ ಯಾರಿಗಾದರೂ ಒಳ್ಳೆಯದಾಗುತ್ತದೆ. ಕೆರೆಗಂತೂ ಆಗಲ್ಲ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಅಂದಾಗಲೆಲ್ಲ ನನಗೆ ಆನಂದ ಮೋಹನ ಚಕ್ರವರ್ತಿ ನೆನಪಾಗುತ್ತಾರೆ. ಬಂಗಾಳದಿಂದ ಅಮೆರಿಕಕ್ಕೆ ಹೋದ ವಿಜ್ಞಾನಿ. ಕಚ್ಚಾ ಎಣ್ಣೆಯ ಬೇರೆ ಬೇರೆ ಅಂಶಗಳನ್ನು ಒಂದೇ ಬ್ಯಾಕ್ಟೀರಿಯಾ ತಿನ್ನುವ ಹಾಗೆ ಅವರು ಮಾಡಿದರು. 1972ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಜೀವ ಇರೋದಕ್ಕೆ ಪೇಟೆಂಟ್ ಕೊಡಲ್ಲ ಅಂದರು ಅಲ್ಲಿನ ಅಧಿಕಾರಿಗಳು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1980ರಲ್ಲಿ ಐವರು ನ್ಯಾಯಮೂರ್ತಿಗಳು ಪರ, ನಾಲ್ವರು ವಿರೋಧ. ಬ್ಯಾಕ್ಟೀರಿಯಾ ಗೆದ್ದಿತು. ನೋಡಿ, ಕಣ್ಣಿಗೇ ಕಾಣದ ಜೀವಿಯ ಕೇಸು ಎಂಟು ವರ್ಷದಲ್ಲಿ ಮುಗೀತು. ನಮ್ಮ ಮೈಸೂರಿನ ಕೋರ್ಟಿನಲ್ಲಿ ಮೂವತ್ತು ನಲವತ್ತರ ಸೈಟಿಗೆ ಅಣ್ಣತಮ್ಮಂದಿರು ಹಾಕಿದ ಪಾಲಿನ ದಾವೆ ಅಪ್ಪನ ಕಾಲದಲ್ಲಿ ಶುರುವಾಗಿ ಮಗನ ಕಾಲದಲ್ಲೂ ‘ಮುಂದಿನ ದಿನಾಂಕ’ ನೋಡುತ್ತಿರುತ್ತದೆ. ಆ ಸೈಟಿನ ಹಿಂದೆ ಕೆರೆ ಇದ್ದಿದ್ದರೆ ಇಷ್ಟೊತ್ತಿಗೆ ಅದೂ ಸೈಟಾಗಿರುತ್ತಿತ್ತು. ಇರಲಿ. ಅಷ್ಟು ಹೋರಾಡಿ ಗೆದ್ದ ಚಕ್ರವರ್ತಿಯವರ ಬ್ಯಾಕ್ಟೀರಿಯಾವನ್ನು ಕಡೆಗೂ ಸಮುದ್ರಕ್ಕೆ ಬಿಡಲೇ ಇಲ್ಲ. ಫ್ಲೆಕ್ಸ್ ಬರೆಸಿದವರಿಗೆ ಇದನ್ನು ಯಾರಾದರೂ ಹೇಳಬೇಕು.

ಗಾಳಿ ಊದಿ ಬ್ಯಾಕ್ಟೀರಿಯಾಗೆ ಕೊಳಚೆ ತಿನ್ನಿಸುವ ವಿದ್ಯೆ ಹೊಸದೇನಲ್ಲ. ಮ್ಯಾಂಚೆಸ್ಟರಿನಲ್ಲಿ 1914ರಲ್ಲೇ ಮಾಡಿ ತೋರಿಸಿದ್ದರು. ಅದಕ್ಕೆ ತೊಟ್ಟಿ ಬೇಕು, ಪಂಪು ಬೇಕು, ಕರೆಂಟು ಬೇಕು, ಹಗಲು ರಾತ್ರಿ ನೋಡಿಕೊಳ್ಳುವ ಜನ ಬೇಕು. ಅದರ ಹೆಸರೇ ಎಸ್‌ಟಿಪಿ, ಕೊಳಚೆ ನೀರು ಶುದ್ಧೀಕರಣ ಘಟಕ. ಉದ್ಘಾಟನೆಯ ದಿನ ಬಿಟ್ಟರೆ ಆ ಕಡೆ ಯಾರೂ ಸುಳಿಯಲ್ಲ. ಕೈಯಲ್ಲಿ ಹಿಡಿದು ಎಸೆಯುವಂಥದ್ದೂ ಅಲ್ಲ, ಫೋಟೋಗೆ ಏನು ಮಾಡೋದು? ಉಂಡೆಯೇ ವಾಸಿ. ನಮ್ಮದು 1903ರಲ್ಲೇ ನಗರ ಸುಧಾರಣೆಗೆ ಟ್ರಸ್ಟ್ ಬೋರ್ಡ್ ಕಂಡ ಊರು. 2016ರಲ್ಲಿ 73 ನಗರಗಳ ಪೈಕಿ ದೇಶಕ್ಕೇ ಸ್ವಚ್ಛ ಅನ್ನಿಸಿಕೊಂಡ ಊರು. ಇಂಥ ಊರಿಗೆ ಕೊನೆಗೆ ಉಂಡೆ ಎಸೆಯುವ ಗತಿ ಬಂತು.

ಬ್ಯಾಕ್ಟೀರಿಯಾ ನಮಗೆ ಇಷ್ಟೊಂದು ಪ್ರಿಯವಾಗಲು ಬೇರೆ ಕಾರಣ ಇದೆ. ಅವು ಪೌರಕಾರ್ಮಿಕರ ಹಾಗೆ ಖಾಯಂ ಮಾಡಿ ಅಂತ ಧರಣಿ ಕೂರಲ್ಲ. ನೇರ ಪಾವತಿಯೋ ಹೊರಗುತ್ತಿಗೆಯೋ ಅಂತ ಕೇಳಲ್ಲ. ಪಿಎಫ್, ಗಂಬೂಟು, ಬೆಳಗಿನ ತಿಂಡಿ ಯಾವುದೂ ಬೇಡ. ಸತ್ತರೆ ಪರಿಹಾರ ಇಲ್ಲ. ಎಷ್ಟು ಸತ್ತವು ಅನ್ನೋ ಲೆಕ್ಕವೂ ಇಲ್ಲ.

ಮನುಷ್ಯರದ್ದು ಲೆಕ್ಕ ಇದೆ. ಮಲ ಹೊರಿಸಬೇಡಿ ಅಂತ 1993ರಲ್ಲಿ ಒಂದು ಕಾನೂನು ಬಂತು. ಸಾಲಲಿಲ್ಲ ಅಂತ 2013ರಲ್ಲಿ ಇನ್ನೊಂದು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಕಾನೂನು, ದುಡ್ಡು ಎರಡೂ ಜಾಸ್ತಿ ಆದವು, ಸುದ್ದಿ ಮಾತ್ರ ಹಾಗೇ ಬರ್ತಾ ಇದೆ. ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಇಳಿಯುವವನಿಗೆ ಯಾರೂ ಪೇಟ ಕಟ್ಟಿ ಕಳಿಸಲ್ಲ. ಬ್ಯಾಕ್ಟೀರಿಯಾಗೆ ಮಂಗಳಾರತಿ ಮಾಡಿದ್ದೇವೆ. ಇದನ್ನು ತಮಾಷೆಯಾಗಿ ಬರೆಯೋಣ ಅಂತ ಕೂತೆ, ಆಗ್ತಾ ಇಲ್ಲ. ಸಮುದ್ರದ ದಡದಲ್ಲೂ ಕಥೆ ಇದೇ. 2017ರ ಜನವರಿಯಲ್ಲಿ ಚೆನ್ನೈ ಹತ್ತಿರದ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದು ಎಣ್ಣೆ ಚೆಲ್ಲಿದಾಗ ದಡದಲ್ಲಿ ಕಂಡ ತಂತ್ರಜ್ಞಾನ ಪ್ಲಾಸ್ಟಿಕ್ ಬಕೆಟ್. ಸಾಲಾಗಿ ನಿಂತ ಜನ ಕಪ್ಪು ರಾಡಿಯನ್ನು ಕೈಯಿಂದ ಕೈಗೆ ದಾಟಿಸಿದರು.

ಪೈಪಿನ ವಿಷಯ ಕೇಳಿದ್ದೆ. ಕೆರೆ ಒಬ್ಬರದಂತೆ, ಒಳಚರಂಡಿ ಇನ್ನೊಬ್ಬರದಂತೆ. ಬಡಾವಣೆ ಖಾಸಗಿಯಂತೆ, ಇನ್ನೂ ಹಸ್ತಾಂತರ ಆಗಿಲ್ಲವಂತೆ. ಪೈಪಿನ ಬಾಯಿ ಇರುವ ಎರಡಡಿ ಜಾಗ ಯಾರಿಗೂ ಸೇರಿಲ್ಲ. ಸೇರಿಲ್ಲದ ಜಾಗದಲ್ಲಿ ಕೆಲಸ ಮಾಡಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದಂತೆ. ಉಂಡೆಗಾದರೆ ಆ ತೊಂದರೆ ಇಲ್ಲ, ದಡದಲ್ಲಿ ನಿಂತು ಎಸೆದರಾಯಿತು. ಎರಡನೇ ಹಂತಕ್ಕೆ ಅಂದಾಜು ಪಟ್ಟಿ ತಯಾರಾಗುತ್ತಿದೆಯಂತೆ. ಈ ಸಲ ಉಂಡೆ ಸ್ವಲ್ಪ ದಪ್ಪ.