ಮಡಿಕೇರಿಗೆ ಅರ್ಧ ದಿನ ಸಾಲದು

ರಾಜಾಸೀಟ್, ಅಬ್ಬಿ ಫಾಲ್ಸ್ ನೋಡಿದರೆ ಮಡಿಕೇರಿ ಮುಗಿಯಿತು, ಅರ್ಧ ದಿನ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ಓದಿ ಮನಸ್ಸಿಗೆ ಬೇಜಾರಾಯಿತು. ನಾನು ಹುಟ್ಟಿ ಬೆಳೆದ ಊರು ಅಲ್ವಾ!

ಕೋಟೆಯೊಳಗಿನ ಆ ಎರಡು ಗಾರೆಯ ಆನೆಗಳನ್ನು ನೋಡಿದಿರಾ? ಚಿಕ್ಕವರಿದ್ದಾಗ ಅವುಗಳ ಸೊಂಡಿಲು ಮುಟ್ಟದೆ ಮನೆಗೆ ಬರುತ್ತಿರಲಿಲ್ಲ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ಮಸೀದಿಯ ಹಾಗೆ ಗುಮ್ಮಟ ಇದೆ, ನಾಲ್ಕು ಮೂಲೆಗೂ ಮಿನಾರು. ಎದುರಿನ ಕೆರೆಯ ಕಟ್ಟೆ ಮೇಲೆ ಸುಮ್ನೆ ಒಂದು ಗಂಟೆ ಕೂತು ನೋಡಿ, ಮೀನುಗಳು ಕಾಲ ಬುಡಕ್ಕೇ ಬರುತ್ತವೆ.

ದಸರಾಕ್ಕೆ ಬಂದರಂತೂ ನಿದ್ದೆಯ ಮಾತೇ ಇಲ್ಲ. ಪಂಪಿನ ಕೆರೆಯಿಂದ ನಾಲ್ಕು ಕರಗಗಳು ಹೊರಡುತ್ತವೆ. ವಿಜಯದಶಮಿ ರಾತ್ರಿ ದೇವರ ಮೂರ್ತಿಗಳನ್ನು ಹೊತ್ತ ಹತ್ತು ಮೆರವಣಿಗೆ ಮಂಟಪಗಳು ಬೀದಿಗೆ ಇಳಿಯುತ್ತವೆ, ಬೆಳಕು ಹರಿಯುವವರೆಗೂ ಊರೇ ರಸ್ತೆಯಲ್ಲಿ. ಪ್ರತಿ ವರ್ಷ ರಜೆ ಹಾಕಿ ಬರುತ್ತೇನೆ.

ಮಳೆ ಜಾಸ್ತಿ ಎಂದು ದೂರಿದ್ದೀರಿ. ಹೌದು, ಜಾಸ್ತಿಯೇ. ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ, ಅಮ್ಮ ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದರು, ಶಾಲೆಯ ಸಮವಸ್ತ್ರಕ್ಕೆಲ್ಲ ಹೊಗೆ ವಾಸನೆ. ಆದರೆ ಕಣಿಲೆ (ಎಳೆ ಬಿದಿರು) ಪಲ್ಯ, ಕೊಡವರ ಕಕ್ಕಡ ತಿಂಗಳ 18ರಂದು ಮಾಡುವ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಸಿಗುವುದು ಆ ಮಳೆಯಲ್ಲೇ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಯಾರ ಮನೆ, ಯಾವ ಜಾತಿ ಎಂದು ಕೇಳದೆ ಅನ್ನ ಬೇಯಿಸಿ ಹಾಕಿದ ಜನ ಇಲ್ಲಿಯವರು.

ಮುಂದಿನ ಸಲ ಮಾರ್ಚ್ ಹೊತ್ತಿಗೆ ಬನ್ನಿ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ ಕಳೆದ ಮೇಲೆ, ಬೆಳಗ್ಗೆ ಕಾಫಿ ತೋಟದ ಬದಿಯಲ್ಲಿ ನಡೆಯಿರಿ.