ಎಲೆಗೆ ಅಡ್ಡ ಹಿಡಿದ ಕೈ

ನಿನ್ನೆ ನಂಜನಗೂಡಿನಲ್ಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಮಗಳು ಕೂತಿದ್ದಳು. ಎರಡು ಒಬ್ಬಟ್ಟು ತಿಂದಾಗಿತ್ತು, ಮೂರನೆಯದು ಬಂತು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಬೇಡ ಅತ್ತೆ, ಹೊಟ್ಟೆ ತುಂಬಿದೆ" ಅಂದಳು.

"ಒಂದೇ ಒಂದು ಪುಟ್ಟಿ. ನಾನು ಬಡಿಸ್ತಿರೋದು, ಬೇಡ ಅನ್ಬಾರ್ದು."

"ಇಲ್ಲ ಅತ್ತೆ, ಬೇಡ." ನಗುನಗುತ್ತಲೇ ಹೇಳಿದಳು. ಕೈ ಮಾತ್ರ ತೆಗೆಯಲಿಲ್ಲ.

ನಾನೇನು ಮಾಡಿದೆ ಗೊತ್ತಾ? ಅವಳನ್ನು ಗುರಾಯಿಸಿದೆ. ನನ್ನ ಎಲೆಗೆ ಬಿದ್ದ ಮೂರನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ತಿಂದೆ. ನನಗೆ ಶುಗರ್ ಇರೋದು ನಿಮಗೆಲ್ಲ ಗೊತ್ತಿದೆ. ಬಡಿಸುತ್ತಿದ್ದವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಅವರ ಮುಖ ಸಪ್ಪಗಾದರೆ ಅನ್ನೋ ಭಯ. ಐವತ್ತರ ಹತ್ತಿರ ಬಂದಿದ್ದೇನೆ, ಇನ್ನೂ ಆ ಭಯ ಹೋಗಿಲ್ಲ.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ, ದಾಕ್ಷಿಣ್ಯ. ಆ ಹೆಸರಿನ ಹಿಂದೆ ಎಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದೇನೆ ಅಂತ ನಿನ್ನೆ ರಾತ್ರಿಯಿಂದ ಯೋಚಿಸುತ್ತಿದ್ದೇನೆ.

ಸೊಸೈಟಿ ಸಾಲದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಫಾರಂ ತಂದು ಮೇಜಿನ ಮೇಲಿಟ್ಟರು. ಪೆನ್ನಿನ ಕ್ಯಾಪ್ ಆಗಲೇ ತೆಗೆದಿತ್ತು. "ಮೇಡಂ, ಬರೀ ಒಂದು ಸೈನ್." ಓದದೇ ಜಾಮೀನು ಹಾಕಿದೆ. ಅವರು ಕಂತು ಕಟ್ಟುವುದು ನಿಲ್ಲಿಸಿದರು, ನನ್ನ ಸಂಬಳದಲ್ಲಿ ಹನ್ನೊಂದು ತಿಂಗಳು ಹಣ ಹಿಡಿದರು. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. 1872ರ ಕರಾರು ಕಾಯ್ದೆಯ 128ನೇ ಕಲಂ ಹಾಗೇ ಹೇಳುತ್ತದೆ. ನನಗೆ ಅದು ಗೊತ್ತಾಗಿದ್ದು ಆಮೇಲೆ. ಆದರೆ ನಿಜ ಹೇಳಲಾ? ಮೊದಲೇ ಗೊತ್ತಿದ್ದರೂ ಸೈನ್ ಹಾಕುತ್ತಿದ್ದೆ. ಅಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು. ಅವರೆದುರು 'ಆಗಲ್ಲ' ಅನ್ನೋಕೆ ನಾಲಿಗೆ ಏಳಲಿಲ್ಲ. "ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ" ಅನ್ನೋ ಗಾದೆ ನನ್ನ ಅಜ್ಜಿಯ ಬಾಯಲ್ಲಿ ಎಷ್ಟು ಸಲ ಕೇಳಿದ್ದೆ!

"ಹೊಂದಿಕೊಂಡು ಹೋಗೋದು ನಮ್ಮ ಸಂಸ್ಕಾರ ಕಣೇ, ಅದರಲ್ಲೇನು ತಪ್ಪು" ಅಂತ ನನ್ನ ಅಕ್ಕ ಈಗಲೇ ಕಾಮೆಂಟ್ ಹಾಕೋಕೆ ತಯಾರಾಗಿರುತ್ತಾಳೆ. ಅಕ್ಕ, ಅಮ್ಮ ಹೊಂದಿಕೊಂಡು ಹೋಗುತ್ತಿದ್ದಳು, ಒಪ್ಪುತ್ತೇನೆ. ಪಕ್ಕದ ಮನೆಯವರಿಗೆ ಸಾರು ಕೊಟ್ಟು ಬಂದು ಅದನ್ನು ಅಲ್ಲೇ ಮರೆತುಬಿಡುತ್ತಿದ್ದಳು. ನಾನು ಕೊಟ್ಟು ಬಂದ ಮೇಲೂ ಅವರು ಖುಷಿಪಟ್ಟರಾ, ಇಲ್ವಾ ಅಂತ ಲೆಕ್ಕ ಹಾಕುತ್ತಾ ಕೂರುತ್ತೇನೆ. ಮೆಸೇಜ್ ಕಳಿಸಿ ನೀಲಿ ಗೆರೆ ಬಂದಮೇಲೂ ಉತ್ತರ ಬರದಿದ್ದರೆ ನನ್ನದೇನಾದರೂ ತಪ್ಪಾಯ್ತಾ ಅಂತ ಮತ್ತೆ ಮತ್ತೆ ಓದುತ್ತೇನೆ. ಇದು ಸಂಸ್ಕಾರ ಅಲ್ಲ. ಹೆದರಿಕೆ.

ಇನ್ನೂ ಒಂದನ್ನು ಹೇಳಿಬಿಡುತ್ತೇನೆ. ಹೊರಗೆ 'ಪರವಾಗಿಲ್ಲ, ಪರವಾಗಿಲ್ಲ' ಅಂದು ನುಂಗಿದ ಸಿಟ್ಟೆಲ್ಲ ನಾನು ತೀರಿಸಿಕೊಳ್ಳುವುದು ಮನೆಯವರ ಮೇಲೆ. ಊರಿಗೆ ಉಪಕಾರಿ, ಮನೆಗೆ ಮಾರಿ. ಬರೆಯುವಾಗ ಕಣ್ಣು ತುಂಬಿ ಬರುತ್ತಿದೆ.

ಬಿ.ಎಡ್.ನಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರ ಪ್ರಯೋಗ ಓದಿದ್ದು ನೆನಪಾಯಿತು. 1951ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಕಾರ್ಡಿನಲ್ಲಿರುವ ಗೆರೆಗಳಲ್ಲಿ ಯಾವುದು ಯಾವುದಕ್ಕೆ ಸಮ ಅಂತ ಹೇಳಬೇಕು, ಅಷ್ಟೇ. ಮಕ್ಕಳೂ ಹೇಳುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಬೇರೆಯವರೆಲ್ಲ ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಅವರ ಜೊತೆ ಸೇರಿ ತಪ್ಪು ಹೇಳಿದರು. ಕಣ್ಣಿಗೆ ಸರಿ ಕಾಣಿಸುತ್ತಿದ್ದರೂ! ಆದರೆ ಗುಂಪಿನಲ್ಲಿ ಒಬ್ಬರು ಸರಿ ಉತ್ತರ ಹೇಳಿದರೆ ಸಾಕು, ಹೀಗೆ ಸೋಲುವುದು ಬಹಳ ಕಮ್ಮಿಯಾಗುತ್ತಿತ್ತು. ಪರೀಕ್ಷೆಗೆ ಬರೆದು ಮರೆತಿದ್ದ ವಿಷಯ.

ನಿನ್ನೆ ಅದನ್ನೇ ಕಣ್ಣಾರೆ ಕಂಡೆ. ಮಗಳು ಕೈ ಅಡ್ಡ ಹಿಡಿದಳಲ್ಲ, ಎದುರು ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಅದನ್ನು ನೋಡುತ್ತಿದ್ದರು. ಬಡಿಸುವವರು ಅತ್ತ ತಿರುಗಿದಾಗ ಇಬ್ಬರೂ ಎಲೆಗೆ ಕೈ ಅಡ್ಡ ಇಟ್ಟರು. "ನಮಗೂ ಸಾಕಮ್ಮ." ಯಾರಿಗೂ ಬೇಜಾರಾಗಲಿಲ್ಲ. ಒಬ್ಬಟ್ಟಿನ ತಟ್ಟೆ ಮುಂದೆ ಹೋಯಿತು. ಆ ಒಂದು ಕ್ಷಣಕ್ಕೆ ಹೆದರಿ ನಾನು ಇಷ್ಟು ವರ್ಷ ಕಳೆದೆನಲ್ಲ!

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು, "ಬೇಡ ಅಂದಿದ್ದು ತಪ್ಪಾ ಅಮ್ಮ?"

"ಇಲ್ಲ ಪುಟ್ಟಿ."

"ಮತ್ತೆ ಯಾಕೆ ನನ್ನ ಹಂಗೆ ನೋಡಿದೆ?"

ಕಿಟಕಿಯ ಕಡೆ ತಿರುಗಿಕೊಂಡೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಉತ್ತರ ಹೇಳುತ್ತೇನೆ.